ಚಹಾ ಕುಡಿದು ಹೋದವರು

ಗಂಧಕದ ಹೊಗೆ ಮೂಗಿಗೆ ಬಡಿದರೆ ಎಲ್ಲರಿಗೂ ಕೆಮ್ಮು ಬರುತ್ತದೆ. ನನಗೆ ಸಿಟ್ಟು ಬರುತ್ತದೆ.

ಈ ಮಾರ್ಚಿನಲ್ಲಿ ಯಜಮಾನರ ಜೊತೆ ಬಿಜ್ಜರಗಿಗೆ ಹೋಗಿದ್ದೆ. ಅವರದು ಒಣದ್ರಾಕ್ಷಿಯ ವ್ಯಾಪಾರ. ದ್ರಾಕ್ಷಿ ಒಣಗಿಸುವ ಶೆಡ್ಡಿನ ಮುಂದೆ ಕಾರಿನ ಬಾಗಿಲು ತೆಗೆದದ್ದೇ ತಡ, ಆ ವಾಸನೆ ಒಳಗೆ ನುಗ್ಗಿತು. ಹಣ್ಣು ಅದ್ದುವ ಎಣ್ಣೆನೀರಿನ ಸಾಬೂನಿನಂಥ ಜಿಡ್ಡು, ಬಲೆಗಳ ಮೇಲೆ ಬಾಡುತ್ತಿರುವ ಗೊಂಚಲುಗಳ ಹುಳಿಸಿಹಿ, ಅದರ ಮೇಲೆ ಬೆಂಕಿಕಡ್ಡಿ ಗೀರಿದ ಹಾಗೆ ಗಂಧಕ. ಅಂದು ನಾನು ಸುಮ್ಮನೆ ಹೋದವಳಲ್ಲ. ನಮ್ಮ ನೆಗೆಣ್ಣಿ ಶಾಂತಕ್ಕ ಒಂದು ಮಾತು ಹೇಳಿ ಕಳಿಸಿದ್ದಳು. ಆ ಮಾತು ದಾರಿಯುದ್ದಕ್ಕೂ ಬಾಯಲ್ಲಿ ಕಹಿಗುಳಿಗೆಯ ಹಾಗೆ ಕರಗದೆ ಕುಳಿತಿತ್ತು. ವಾಸನೆ ಬಡಿದ ಕೂಡಲೇ ಮೂರು ವರ್ಷದ ಹಿಂದಿನ ಬೇಸಿಗೆ ಕಾರಿನಿಂದ ನನಗಿಂತ ಮೊದಲು ಇಳಿಯಿತು.

ಶಾಂತಕ್ಕ ನನ್ನ ಮೈದುನನ ಹೆಂಡತಿಯಲ್ಲ, ಭಾವನವರ ಹೆಂಡತಿ. ಮನೆ ಒಂದೇ, ಅಡುಗೆಮನೆ ಎರಡು. ವಿಜಯಪುರದ ಗಾಂಧಿ ಚೌಕದ ಹಿಂದಿನ ಓಣಿಯಲ್ಲಿ, ಬಟ್ಟೆ ಅಂಗಡಿಯೊಂದರ ಮಾಳಿಗೆಯ ಮೇಲೆ ನಮ್ಮ ಮಹಿಳಾ ಮಂಡಳ ಸೇರುತ್ತಿತ್ತು. ಅಲ್ಲಿ ಒಂದೇ ಫ್ಯಾನು, ಅದರ ಕೆಳಗೆ ಒಂದೇ ಕುರ್ಚಿ, ಆ ಕುರ್ಚಿ ಅಧ್ಯಕ್ಷೆ ಶಾಂತಕ್ಕನದು. ನಾನು ಕಾನ್ವೆಂಟಿನಲ್ಲಿ ಓದಿದವಳು ಎಂಬ ಕಾರಣಕ್ಕೆ ಇಂಗ್ಲಿಷಿನ ಪತ್ರ ಬರೆಯುವ ಕೆಲಸ ನನ್ನ ಪಾಲಿಗಿತ್ತು. ಮಾತಾಡುವ ಕೆಲಸ ಇರಲಿಲ್ಲ. ಮೆಲ್ಲಗೆ ಮಾತಾಡಬೇಕು, ಬಾಗಿಲು ಸಪ್ಪಳವಾಗದಂತೆ ಹಾಕಬೇಕು ಎಂದು ಸಿಸ್ಟರುಗಳು ಎಷ್ಟು ಚೆನ್ನಾಗಿ ಕಲಿಸಿದ್ದರೆಂದರೆ, ಮಂಡಳದಲ್ಲಿ ನಾನು ಬಾಯಿ ತೆರೆದದ್ದು ಪಕ್ಕದವರಿಗೂ ಗೊತ್ತಾಗುತ್ತಿರಲಿಲ್ಲ.

ಪ್ರತಿ ವರ್ಷ ನಾವು ನೋಟುಪುಸ್ತಕ ಹಂಚಿ ಫೋಟೊ ತೆಗೆಸಿಕೊಳ್ಳುತ್ತಿದ್ದೆವು. ಆ ವರ್ಷ ಶಾಂತಕ್ಕ ತನ್ನ ತವರು ಬಬಲೇಶ್ವರಕ್ಕೆ ಹೋಗಿ ಬಂದವಳು ಹೊಸ ವಿಚಾರ ತಂದಳು. ಮನೆಯಲ್ಲಿ ಯಾರೂ ಕಲಿಯದೆ ತಾವೇ ಮೊದಲು ಕಾಲೇಜಿಗೆ ಬಂದ ಹುಡುಗಿಯರಿಗೆ ಬೇಸಿಗೆ ಸೂಟಿಯಲ್ಲಿ ಎಲ್ಲೆಲ್ಲೋ ತರಬೇತಿ ಸಿಗುತ್ತದೆ. ಆದರೆ ಅಲ್ಲಿ ಸಂಬಳ ಇರುವುದಿಲ್ಲ. ಸೂಟಿಯಲ್ಲಿ ದುಡಿಯದಿದ್ದರೆ ಅವರ ಮನೆ ನಡೆಯುವುದಿಲ್ಲ. ಹಾಗಾಗಿ ಹೋಗದೆ ಬಿಡುತ್ತಾರೆ. ಆ ಎರಡು ತಿಂಗಳ ಖರ್ಚನ್ನು ಮಂಡಳ ಕೊಡಬೇಕು. ವಿಚಾರ ಒಳ್ಳೆಯದಿತ್ತು, ಇವತ್ತಿಗೂ ಹಾಗೇ ಹೇಳುತ್ತೇನೆ. ಕೆಟ್ಟದ್ದೆಲ್ಲ ಶುರುವಾದದ್ದು ನಾವು ಕಾರು ಹತ್ತಿದ ಮೇಲೆ.

ಸುನಂದಾಳ ಹೆಸರು ಹೇಳಿದವಳು ನಾನೇ. ಬಿಜ್ಜರಗಿಯ ಶೆಡ್ಡಿನಲ್ಲಿ ಒಣದ್ರಾಕ್ಷಿಯ ತೊಟ್ಟು ಬಿಡಿಸಿ ಆರಿಸುವ ಹೆಂಗಸರ ಸಾಲಿನಲ್ಲಿ ಅವಳ ತಾಯಿ ಗೌರವ್ವ ಕೂರುತ್ತಿದ್ದಳು. ಸೂಟಿಯಲ್ಲಿ ತಾಯಿಯ ಪಕ್ಕ ಮಗಳು. ಬಿ.ಎಸ್ಸಿ. ಓದುವ ಹುಡುಗಿ. ಮಾತಾಡುವಾಗ ನಮ್ಮ ಕಣ್ಣು ನೋಡುತ್ತಾಳೆ, ಕಾಲು ನೋಡುವುದಿಲ್ಲ. ಒಮ್ಮೆ ಯಜಮಾನರ ಜೊತೆ ಹೋದಾಗ ನನ್ನನ್ನು ಪಕ್ಕಕ್ಕೆ ಕರೆದು ಕೇಳಿದ್ದಳು:

"ಅಕ್ಕಾರ, ಬಿಜಾಪುರದಾಗ ಮಣ್ಣು-ನೀರು ತಪಾಸ ಮಾಡೂ ಲ್ಯಾಬಿನ್ಯಾಗ ನನ್ನ ಆರಿಸ್ಯಾರ್ರಿ. ಎರಡು ತಿಂಗಳು. ಪಗಾರ ಇಲ್ಲ. ಅವ್ವ ಬಿಡವಲ್ಲಳು. ಸೂಟ್ಯಾಗ ನಾ ಇಲ್ಲಿ ಕೂಡಲಿಲ್ಲಂದ್ರ ಮುಂದಿನ ವರ್ಷದ ಫೀಜು ಎಲ್ಲಿಂದ ಬರ್ತೈತಿ ಅಂತಾಳ. ನಿಮ್ಮ ಮಂಡಳ ಏನರ ಮಾಡ್ತೈತೇನ್ರಿ?"

ಮಂಡಳ ಮಾಡಿದ್ದು ಇದು. ಶಾಂತಕ್ಕ ಹೇಳಿದಳು, "ಮನಿ ನೋಡದ ಹೆಂಗ ಕೊಡೂದು? ಖರೇನ ಯಾರೂ ಕಲ್ತಿಲ್ಲೇನು, ಹುಡುಗಿ ಹೆಂಗ ಅದಾಳ, ಕಣ್ಣಲೆ ನೋಡಬೇಕು." ಪಂಚಾಂಗ ತೆಗೆದು ಒಳ್ಳೆಯ ದಿನ ನೋಡಿದಳು, ಅದು ಅವಳ ರೂಢಿ. ಬರಿಗೈಯಲ್ಲಿ ಹೋಗಬಾರದೆಂದು ಹಣ್ಣು, ಒಂದು ಕುಪ್ಪಸದ ಖಣ ಚೀಲಕ್ಕೆ ಹಾಕಿಸಿದಳು. ಎಲ್ಲರೂ ಇಳಕಲ್ ಸೀರೆ ಉಡಬೇಕೆಂದಳು, ಫೋಟೊ ಇರುತ್ತದಲ್ಲ. ಶೆಡ್ಡಿನ ಮೇಸ್ತ್ರಿಯ ಮೂಲಕ ಊರಿಗೆ ಸುದ್ದಿ ಹೋಯಿತು: ಸಾಹುಕಾರರ ಮನೆಯ ಹೆಣ್ಣುಮಕ್ಕಳು ಗೌರವ್ವನ ಮಗಳನ್ನು ನೋಡಲು ಬರುತ್ತಾರೆ.

ಶಾಂತಕ್ಕನಿಗೆ ಮದುವೆಗೆ ಬಂದ ಮಗನಿದ್ದಾನೆಂದು ಆ ಶೆಡ್ಡಿನಲ್ಲಿ ಗೊತ್ತಿರದವರಿರಲಿಲ್ಲ.

ಕಾರು ನಿಂತಾಗಲೇ ನನಗೆ ಏನೋ ಸರಿಯಿಲ್ಲ ಅನಿಸಿತು. ಅಂಗಳ ಸಾರಿಸಿ ಇನ್ನೂ ಒದ್ದೆಯಿತ್ತು. ರಂಗೋಲಿಗೆ ಬಣ್ಣ ತುಂಬಿದ್ದರು. ಒಂದೊಂದು ಮನೆಯಿಂದ ಒಂದೊಂದು ಬಣ್ಣದ ಪ್ಲಾಸ್ಟಿಕ್ ಕುರ್ಚಿ ಬಂದಿತ್ತು. ಕಟ್ಟೆಯ ಮೇಲೆ ಓಣಿಯ ಹೆಂಗಸರೆಲ್ಲ ಸೆರಗು ಹೊದ್ದು ಕುಳಿತಿದ್ದರು. ಮಂಡಕ್ಕಿಯ ಸುಸಲಾ ಬಂತು, ಮಿರ್ಚಿ ಬಂತು. ಕೊನೆಗೆ ಚಹಾದ ತಾಟು ಹಿಡಿದು ಸುನಂದಾ ಬಂದಳು. ಯಾರದೋ ಸೀರೆ, ಹೆಗಲ ಮೇಲಿನ ಪಿನ್ನು ದೊಡ್ಡದಾಗಿ ಎದ್ದು ಕಾಣುತ್ತಿತ್ತು. ನನ್ನ ಮುಂದೆ ತಾಟು ಹಿಡಿದಾಗ ಅವಳ ಕಣ್ಣು ನನ್ನನ್ನು ಸುಟ್ಟಿತು. ನಾವು ಬರುವುದು ಯಾತಕ್ಕೆಂದು ಅವಳು ಮನೆಯಲ್ಲಿ ಹೇಳಿದ್ದಳಂತೆ. ಒಳ್ಳೆಯ ದಿನ ನೋಡಿ, ಸೀರೆ ಉಟ್ಟು, ಯಾರು ಸುಮ್ಮನೆ ಮನೆಗೆ ಬರುತ್ತಾರೆ ಎಂದು ತಾಯಿ ಬಾಯಿ ಮುಚ್ಚಿಸಿದ್ದಳಂತೆ.

ಶಾಂತಕ್ಕನಾದರೂ ನೇರವಾಗಿ ವಿಷಯಕ್ಕೆ ಬಂದಳೇ? "ಕೂಡವಾ ಇಲ್ಲೆ. ಮನ್ಯಾಗ ಎಷ್ಟ ಮಂದಿ? ರೊಟ್ಟಿ ಬಡಿಯಾಕ ಬರ್ತೈತೇನು?" ಎಂದಳು. ಇಷ್ಟು ವರ್ಷ ಹುಡುಗಿಯರನ್ನು ನೋಡಲು ಹೋಗಿ ಹೋಗಿ ಬಾಯಿಗೆ ಅದೇ ಬರುತ್ತದೆ. ಕಟ್ಟೆಯ ಮೇಲಿನ ಕಲ್ಲವ್ವ, ಗೌರವ್ವನ ನೆರೆಯವಳು, ಹುರುಪಾಗಿ ಕೂಗಿದಳು:

"ರೊಟ್ಟಿ ಏನ್ ಕೇಳ್ತೀರಿ ಬಿಡ್ರಿ! ಕಾಲೇಜ ಗುರಪ್ಪನ ಮಗಳಾಕಿ. ಸುಮ್ಕ ಅಲ್ಲ!"

ಶಾಂತಕ್ಕನ ಕೈಯಲ್ಲಿನ ಗ್ಲಾಸು ಅಲ್ಲೇ ನಿಂತಿತು. "ಕಾಲೇಜ ಗುರಪ್ಪ? ಹಂಗ್ಯಾಕಂತೀರಿ?"

"ಹುಡುಗಿ ಅಪ್ಪ ಹರೇದಾಗ ಬಿಜಾಪುರಕ್ಕ ಕಾಲೇಜ ಕಲ್ಯಾಕ ಹೋಗಿದ್ದರಿ. ಒಂದ ಮಳಿಗಾಲಕ್ಕ ಹೋದಾಂವ ಬ್ಯಾಸಗಿಗಿ ಬಂದ್ ಬಿಟ್ಟ. ಅವತ್ತಿಂದ ಊರಾಗ ಕಾಲೇಜ, ಕಾಲೇಜ ಅಂತ ಚಾಷ್ಟಿ ಮಾಡತೇವ್ರಿ."

ಹೆಂಗಸರು ನಕ್ಕರು. ಗುರಪ್ಪ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದ, ಅವನು ನಗಲಿಲ್ಲ. ಶಾಂತಕ್ಕ ಗ್ಲಾಸು ಕೆಳಗಿಟ್ಟಳು. "ತಿಳಿಸ್ತೀವ್ರಿ" ಎಂದು ಎದ್ದಳು. ಹುಡುಗಿ ಒಪ್ಪಿಗೆಯಾಗದ ಮನೆಯಿಂದ ಏಳುವಾಗ ನಮ್ಮ ಕಡೆ ಎಲ್ಲರೂ ಹೇಳುವ ಮಾತು ಅದು. ಖಣ ಚೀಲದಿಂದ ಹೊರಗೆ ಬರಲೇ ಇಲ್ಲ. ಗೌರವ್ವನ ಕಣ್ಣು ಆ ಚೀಲದ ಹಿಂದೆಯೇ ಕಾರಿನವರೆಗೂ ಬಂದದ್ದನ್ನು ನಾನು ನೋಡಿದೆ.

ಕಾರಿನಲ್ಲಿ ಶಾಂತಕ್ಕ ಅಂದಳು, "ಅಪ್ಪ ಕಾಲೇಜಿಗಿ ಹೋಗ್ಯಾನ. ನಮ್ಮ ನಿಯಮಕ್ಕ ಕೂಡೂದಿಲ್ಲ."

"ಒಂದು ವರ್ಷಾನೂ ಇದ್ದಿಲ್ಲಂತಲ್ಲ ಅಕ್ಕಾ" ಎಂದೆ.

"ಹೋಗ್ಯಾನೋ ಇಲ್ಲೋ? ನಾಳೆ ಯಾರರ ಕೇಳಿದ್ರ ನಾ ಏನ್ ಹೇಳಲಿ, ನೀ ಹೇಳ್ತಿ ಏನು? ನಿನ್ನ ದನಿ ನಿನಗ ಕೇಳಿಸೂದಿಲ್ಲ."

ಎಲ್ಲರೂ ನಕ್ಕರು. ತಿಕೋಟಾ ದಾಟುವಷ್ಟರಲ್ಲಿ ಚೀಲದ ಬಾಳೆಹಣ್ಣು ತಿಂದು ಸಿಪ್ಪೆಯನ್ನು ಕಿಟಕಿಯಿಂದ ಎಸೆದರು. ನನ್ನ ಕೈಗೂ ಒಂದು ಕೊಟ್ಟರು. ಮನೆ ಮುಟ್ಟುವ ಹೊತ್ತಿಗೆ ಅದು ಬೆವರಿಗೆ ಕಪ್ಪಾಗಿ ಹೋಗಿತ್ತು.

ಆ ಏಪ್ರಿಲ್ಲಿನ ಬಿಸಿಲನ್ನು ವಿಜಯಪುರದವರಿಗೆ ನಾನು ಹೇಳಬೇಕಿಲ್ಲ. ಮಧ್ಯಾಹ್ನ ನಲ್ಲಿಯ ಮೊದಲ ನೀರಿಗೆ ಕೈ ಹಿಡಿಯಲಾಗುತ್ತಿರಲಿಲ್ಲ. ಅಂಥ ಒಂದು ಮಧ್ಯಾಹ್ನ ಗುರಪ್ಪ ನಮ್ಮ ಬಾಗಿಲಿಗೆ ಬಂದ. ಹಿಂದೆ ಸುನಂದಾ. ಒಳಗೆ ಕರೆದರೆ ಬರಲಿಲ್ಲ. ನೀರು ಕೊಟ್ಟೆ, ಗುರಪ್ಪ ಕುಡಿದ, ಅವಳು ಮುಟ್ಟಲಿಲ್ಲ.

"ಊರಾಗ ಏನಂತಾರ ಗೊತ್ತೇನ್ರಿ?" ಗುರಪ್ಪ ಶುರು ಮಾಡಿದ. "ಬಿಜಾಪುರದ ಸಾಹುಕಾರ್ರು ಹುಡುಗಿನ್ನ ನೋಡಿ ಒಲ್ಲೆ ಅಂದ್ರಂತ. ಏನ್ ಐಬು ಕಂಡೈತೋ ಅಂತ ಕೇಳಾಕತ್ತಾರ. ಈಗ ಕಳ್ಳಕವಟಗಿಂದ ಒಂದು ಸಂಬಂಧ ಬಂದೈತಿ. ಒಮ್ಮೆ ಹೆಸರು ಕೆಟ್ಟರ ಯಾರೂ ಬರೂದಿಲ್ಲ, ಇದನ್ನ ಮುಗಿಸೂಣು ಅಂತ ಗೌರವ್ವ ಹಟಾ ಹಿಡದಾಳ. ಈ ಬ್ಯಾಸಗ್ಯಾಗ ಅಕ್ಕಿಕಾಳು ಹಾಕಿ ಮದಿವಿ ಮಾಡೂದ ಅಂತಾಳ. ಲ್ಯಾಬೂ ಹೋತು, ಕಾಲೇಜೂ ಹೋತು."

ಮಾತು ಕೇಳಿ ಶಾಂತಕ್ಕ ತನ್ನ ಕಡೆಯ ಬಾಗಿಲಿನಿಂದ ಹೊರಗೆ ಬಂದಳು. "ನಾವೇನು ಕನ್ಯಾ ನೋಡಾಕ ಬಂದಿದ್ವಿ? ನೀವ ಹಂಗ ತಿಳಕೊಂಡ್ರ ನಾವೇನ್ ಮಾಡೂಣು?"

"ನೀವು ಬಂದಿದ್ದು ಹಂಗ ಇತ್ತರಿ."

"ರೊಕ್ಕ ಬೇಕಂದ್ರ ಸೀದಾ ಕೇಳು. ಅಪ್ಪ ಕಾಲೇಜಿಗಿ ಹೋದ ಮನಿಗಿ ಮಂಡಳ ಕೊಡೂದಿಲ್ಲ. ನಾ ಕಾಲೇಜಿಗಿ ಹೋಗೇ ಇಲ್ಲ, ಊರಾನವ್ರು ಚಾಷ್ಟಿಗಿ ಅಂತಾರ ಅಂತ ಮಂಡಳದ ಮುಂದ ಬಂದು ಹೇಳು. ವಿಚಾರ ಮಾಡೂಣು."

ಸುನಂದಾ ಅಪ್ಪನ ತೋಳು ಹಿಡಿದಳು. "ಹೇಳ್ ಯಪ್ಪಾ. ಹೇಳಿದ್ರ ಏನ್ ಹೋಗ್ತೈತಿ?"

ಗುರಪ್ಪ ಮಗಳ ಕೈ ಬಿಡಿಸಿಕೊಂಡ. "ಹೋಗೀನ್ರಿ ನಾ" ಎಂದ. ಅವನ ದನಿ ಏರಲಿಲ್ಲ. ಆದರೆ ಕುತ್ತಿಗೆಯ ನರ ಎದ್ದಿತ್ತು. "ಹೋಗೀನಿ. ಕುಂತು ಪಾಠ ಕೇಳೀನಿ. ಸೂಟಿ ಬಿಟ್ಟಿತು, ಎರಡು ತಿಂಗಳು ದುಡದು ಹೋದರಾತು ಅಂತ ಊರಿಗಿ ಬಂದೆ. ಆ ಎರಡು ತಿಂಗಳು ಇನ್ನೂ ಮುಗದಿಲ್ಲ. ಹುಟ್ಟಿದಾಗಿಂದ ನಂದು ಅಂತ ಅದೊಂದ ಐತಿ, ಅದನ್ನ ಇಲ್ಲ ಅನ್ನೂದಿಲ್ಲ. ನಿಮ್ಮ ರೊಕ್ಕಾ ಬ್ಯಾಡ್ರಿ. ಹೆಂಗ ಬಂದಿದ್ರಿ ಹಂಗ ಇನ್ನೊಮ್ಮೆ ಬರ್ರಿ. ಯಾತಕ್ಕ ಬಂದಿದ್ವಿ ಅಂತ ಮಂದಿ ಮುಂದ ಹೇಳಿ ಹೋಗ್ರಿ. ಅಷ್ಟ."

"ನನಗೇನು ಬ್ಯಾರೆ ಕೆಲಸ ಇಲ್ಲೇನು?" ಎಂದು ಶಾಂತಕ್ಕ ಬಾಗಿಲು ಹಾಕಿಕೊಂಡಳು. ಜೋರಾಗಿ, ಸಪ್ಪಳವಾಗುವಂತೆ.

ಹೋಗುವಾಗ ಸುನಂದಾ ನನ್ನ ಕಡೆ ತಿರುಗಿದಳು. "ನಿಮಗ ಹೇಳಿದ್ದ ತಪ್ಪಾತ್ರಿ ನಂದು" ಎಂದಳು. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಮರುದಿನ ನಾನು ಬಿಜ್ಜರಗಿಗೆ ಹೊರಟೆ. ಯಜಮಾನರು ಕಾರು ಕೊಡಲಿಲ್ಲ. "ನಾವು ವ್ಯಾಪಾರ ಮಾಡೂ ಊರು ಅದು. ಹೆಣ್ಣಮಕ್ಕಳ ಜಗಳಾ ಅಲ್ಲಿಗ್ಯಾಕ ಒಯ್ತಿ?" ಎಂದರು. ಶಾಂತಕ್ಕ ಅಡುಗೆಮನೆಯ ಕಿಟಕಿಯಿಂದಲೇ ಹೇಳಿದಳು, "ಹೋದ್ರ ಮತ್ತ ಮಂಡಳದ ಕಡಿ ಬರಬ್ಯಾಡ." ನಾನು ಬಸ್ಸು ಹತ್ತಿದೆ. ಎದುರಿನ ಸೀಟಿನ ಮುದುಕಿಯ ಮಡಿಲಲ್ಲಿ ಒಂದು ಆಡಿನ ಮರಿಯಿತ್ತು. ಅದು ತಿಕೋಟಾ ಬರುವ ತನಕ ನನ್ನ ಸೆರಗಿನ ಅಂಚು ಅಗಿಯಿತು. ನಾನು ಬಿಡಿಸಿಕೊಳ್ಳಲಿಲ್ಲ. ಹೇಳಬೇಕಾದ ಮಾತನ್ನು ಮನಸ್ಸಿನಲ್ಲಿ ಜೋಡಿಸುತ್ತಿದ್ದೆ, ಅದು ಮತ್ತೆ ಮತ್ತೆ ಇಂಗ್ಲಿಷಿನಲ್ಲೇ ಬರುತ್ತಿತ್ತು.

ಶೆಡ್ಡಿನಲ್ಲಿ ಕೆಲಸ ನಡೆದಿತ್ತು. ಹೆಂಗಸರು ಎರಡು ಸಾಲಾಗಿ ಎದುರುಬದುರು ಕುಳಿತು, ನಡುವೆ ರಾಶಿ ಹಾಕಿಕೊಂಡು ತೊಟ್ಟು ಬಿಡಿಸುತ್ತಿದ್ದರು. ಗುರಪ್ಪ ಆಚೆ ಗಂಡಸರ ಜೊತೆ ಬಲೆ ಬಡಿದು ಒಣಗಿದ ಹಣ್ಣು ಉದುರಿಸುತ್ತಿದ್ದ. ಗಂಡಸರ ಕೆಲಸ ಅದು: ಬಲೆ ಬಡಿಯುವುದು, ಕ್ರೇಟು ಹೊರುವುದು. ಆರಿಸುವ ಸಾಲಿನಲ್ಲಿ ಗಂಡಸು ಕೂತದ್ದನ್ನು ನಾನು ಯಾವ ಶೆಡ್ಡಿನಲ್ಲೂ ಕಂಡಿರಲಿಲ್ಲ. ಸುನಂದಾ ತಾಯಿಯ ಪಕ್ಕ ತಲೆ ತಗ್ಗಿಸಿ ಕುಳಿತಿದ್ದಳು. ಬೆರಳುಗಳು ಅಂಟಿನಿಂದ ಹೊಳೆಯುತ್ತಿದ್ದವು.

ನಾನು ನಿಂತು ಹೇಳಿದೆ, "ಅವತ್ತು ನಾವು ಕನ್ಯಾ ನೋಡಾಕ ಬಂದಿದ್ದಿಲ್ಲ."

"ಜ್ವಾರ ಹೇಳ್ರಿ" ಎಂದಳು ಕಲ್ಲವ್ವ. "ಹಿಂದ ಕುಂತವ್ರಿಗಿ ಕೇಳಿಲ್ಲ."

ಇನ್ನೊಮ್ಮೆ ಹೇಳಿದೆ. ಮೂರನೆಯ ಸಲ ಕೂಗಿಯೇ ಹೇಳಿದೆ. ಬಲೆ ಬಡಿಯುವ ಸಪ್ಪಳ ನಿಂತಿತು. "ಕನ್ಯಾ ನೋಡಾಕ ಬಂದಿದ್ದಿಲ್ಲ! ಹುಡುಗಿಗಿ ಬಿಜಾಪುರದಾಗ ತರಬೇತಿ ಸಿಕ್ಕೈತಿ. ಅದಕ್ಕ ಸಹಾಯ ಮಾಡಬೇಕಂತ ನೋಡಾಕ ಬಂದಿದ್ವಿ. ಆಕಿನ್ನ ಯಾರೂ ಒಲ್ಲೆ ಅಂದಿಲ್ಲ. ಆಕಿನಾಗ ಐಬು ಇಲ್ಲ."

ಕಲ್ಲವ್ವ ಕೇಳಿದಳು, "ಮತ್ತ ಸಹಾಯ ಮಾಡಿದ್ರೇನು?"

"ಇಲ್ಲ."

"ಅಂದ್ರ, ಸಹಾಯ ಮಾಡಾಕ ಬಂದು ಚಾ ಕುಡದು ಹೋದ್ರಿ!"

ಇಡೀ ಶೆಡ್ಡು ನಕ್ಕಿತು. ಒಬ್ಬಳು ಕೆಮ್ಮು ಹತ್ತುವ ತನಕ ನಕ್ಕಳು. ಗೌರವ್ವ ಮಾತ್ರ ನಗಲಿಲ್ಲ. ಕೈಯಲ್ಲಿದ್ದ ತೊಟ್ಟುಗಳನ್ನು ನನ್ನ ಕಾಲ ಹತ್ತಿರ ಚೆಲ್ಲಿದಳು.

"ಹೇಳೂದು ಹೇಳಿದ್ರಿ, ಉಪಕಾರ ಆತು. ಈಗ ಆಕಿ ಹೋದ್ರ ಆಕಿ ಜಾಗಾದಾಗ ಯಾರು ಕೂಡ್ತಾರ? ನೀವು ಕೂಡ್ತೀರೇನು?"

"ಕೂಡ್ತೀನಿ" ಎಂದೆ. ನಿಜವಾಗಿಯೂ ಸೀರೆ ಸೊಂಟಕ್ಕೆ ಸಿಕ್ಕಿಸಿ ಬಗ್ಗಿದೆ. ಅವರ ನಗೆ ಈಗ ಮೊದಲಿಗಿಂತ ಕೆಟ್ಟದಾಗಿತ್ತು. "ಉಗುರ ನೋಡ್ರೇ ಬಾಯಾರ್ದು!" "ಒಂದು ಕಿಲೋ ಆರಸೂದ್ರಾಗ ದೀಪಾವಳಿ ಬರ್ತೈತಿ!" ಯಾರೋ ನನ್ನ ದನಿಯನ್ನು ಅಣಕಿಸಿದರು. ಸುನಂದಾ ನನ್ನನ್ನು ನೋಡಿ ಹಲ್ಲು ಕಚ್ಚಿ ಹೇಳಿದಳು, "ಏಳ್ರಿ ಅಕ್ಕಾರ, ಇನ್ನಷ್ಟು ನಗಸಬ್ಯಾಡ್ರಿ."

ಆಗ ಗುರಪ್ಪ ಬಂದ. ಕೈಯಲ್ಲಿದ್ದ ಬಡಿಗೆಯನ್ನು ಕಂಬಕ್ಕೆ ಒರಗಿಸಿದ. ಹೆಗಲಿನ ಟವೆಲ್ಲು ತೆಗೆದು ಮುಖ ಒರೆಸಿಕೊಂಡ, ಅದನ್ನೇ ನೆಲದ ಮೇಲೆ ಹಾಸಿದ. ಮಗಳಿಗೆ "ಅತ್ಲಾಗ ಸರಿ" ಎಂದ. ಅವಳು ಎದ್ದಳು. ಅವನು ಅವಳ ಜಾಗದಲ್ಲಿ, ಹೆಂಗಸರ ಸಾಲಿನಲ್ಲಿ, ಹೆಂಡತಿಯ ಮಗ್ಗುಲಿಗೆ ಕಾಲು ಮಡಚಿ ಕುಳಿತು ಒಂದು ಹಿಡಿ ಹಣ್ಣು ಎಳೆದುಕೊಂಡ.

ಯಾರೂ ನಗಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಎಲ್ಲರೂ ನಕ್ಕರು. ಗಂಡಸರು ಆ ಕಡೆಯಿಂದ ಸಿಳ್ಳೆ ಹಾಕಿದರು. "ಕಾಲೇಜ ಕೆಳಗ ಕುಂತೈತಿ ನೋಡ್ರೋ!" ಎಂದು ಒಬ್ಬ ಕೂಗಿದ. "ಬಳಿ ಇಡಸ್ಕೋರಿ ಮಾವಾ!" ಎಂದಳು ಒಬ್ಬಳು.

"ಹೂಂ, ಕುಂತೈತಿ" ಎಂದ ಗುರಪ್ಪ, ತಲೆ ಎತ್ತದೆ. "ಬಲೆ ನಸಕಿನ್ಯಾಗ ಬಡೀತೀನಿ. ನೀ ಕೈ ನಡಸವಾ, ಹೊತ್ತಾತು."

ಗೌರವ್ವ ಗಂಡನನ್ನು ತಿರುಗಿ ನೋಡಲಿಲ್ಲ. ಆಮೇಲೆ ಅವನ ಕೈಯಿಂದ ಒಂದು ಕಾಳು ಕಸಿದುಕೊಂಡು, "ಹಂಗ ಜಗ್ಗಿದ್ರ ಸಿಪ್ಪಿ ಹರೀತೈತಿ. ಹಿಂಗ" ಎಂದು ತೊಟ್ಟು ತಿರುವಿ ತೋರಿಸಿದಳು.

ಆ ಬೇಸಿಗೆ ಸುನಂದಾ ದಿನಾ ಬಸ್ಸಿನಲ್ಲಿ ವಿಜಯಪುರಕ್ಕೆ ಬಂದಳು. ಬಸ್ಸು ಹತ್ತಿ ಓಡಾಡುವ ಹುಡುಗಿ ಕಳ್ಳಕವಟಗಿಯವರಿಗೆ ಬೇಡವಾದಳು, ಅವರಾಗಿಯೇ ಬಿಟ್ಟರು. ಲ್ಯಾಬಿಗೆ ನಮ್ಮ ಓಣಿಯ ಮುಂದಿನಿಂದಲೇ ದಾರಿ. ಒಮ್ಮೆ ಬಿಸಿಲಲ್ಲಿ ಬರುತ್ತಿದ್ದಳು, ಮಜ್ಜಿಗೆ ಕುಡಿದು ಹೋಗು ಎಂದು ಕರೆದೆ. "ಬ್ಯಾಡ್ರಿ, ಬಾಟ್ಲಿ ಐತಿ" ಎಂದು ನಿಲ್ಲದೆ ನಡೆದಳು. ಮತ್ತೆ ಕರೆಯಲಿಲ್ಲ. ಅವಳು ನನ್ನನ್ನು ಕ್ಷಮಿಸಲಿ ಎಂದು ನಾನು ಬಿಜ್ಜರಗಿಗೆ ಹೋಗಿರಲಿಲ್ಲ. ಹಾಗೆಂದು ಎಷ್ಟು ಹೇಳಿಕೊಂಡರೂ ಮಜ್ಜಿಗೆಯ ಗ್ಲಾಸು ಕೈಯಲ್ಲಿ ಉಳಿದದ್ದು ಉಳಿಯಿತು.

ಮಂಡಳದ ಸಹಾಯ ಬಬಲೇಶ್ವರದ ಹುಡುಗಿಯೊಬ್ಬಳಿಗೆ ಹೋಯಿತು. ಶಾಂತಕ್ಕನ ತವರಿನ ಹೊಲ ನೋಡಿಕೊಳ್ಳುವವರ ಮಗಳು. ಪಾಪ, ಅವಳದೇನೂ ತಪ್ಪಿಲ್ಲ, ಅವಳಿಗೂ ಬೇಕಾಗಿತ್ತು. ಆದರೆ ಸತ್ಕಾರಕ್ಕೆ ಅತಿಥಿಗಳ ಪುರಸೊತ್ತು ಕೂಡಿ ಬರಬೇಕಲ್ಲ. ಶಾಲು ಹೊದಿಸಿ ಹಣ ಕೊಟ್ಟಾಗ ಹೊರಗೆ ಮಳೆ ಸುರಿಯುತ್ತಿತ್ತು, ಕಾಲೇಜು ಶುರುವಾಗಿತ್ತು. ಆ ಸೂಟಿಯನ್ನು ಹುಡುಗಿ ಹೊಲದಲ್ಲೇ ಕಳೆದಿದ್ದಳಂತೆ.

ಮೂರು ವರ್ಷವಾಯಿತು. ಸುನಂದಾ ಅದೇ ಲ್ಯಾಬಿನಲ್ಲಿ ಈಗ ಕೆಲಸಕ್ಕಿದ್ದಾಳೆ. ಊರೂರು ತಿರುಗಿ ಹೊಲದ ಮಣ್ಣು, ಬೋರಿನ ನೀರು ತರುತ್ತಾಳೆ. ಈ ಮಾರ್ಚಿನಲ್ಲಿ ಶಾಂತಕ್ಕ, ಅಷ್ಟು ದಿನ ಉಪ್ಪು-ಎಣ್ಣೆಯಷ್ಟೇ ಮಾತಾಡುತ್ತಿದ್ದವಳು, ನನ್ನ ಅಡುಗೆಮನೆಗೆ ಬಂದು ಕುಳಿತಳು. "ನಿನ್ನ ಬಿಜ್ಜರಗಿ ಹುಡುಗಿ ಛಲೋ ಮುಂದ ಬಂದಾಳ. ಈ ಸಲ ಮಂಡಳದಿಂದ ಆಕಿಗಿ ಸತ್ಕಾರ ಮಾಡೂಣು. ನಾವ ಗುರುತಿಸಿದ ಹುಡುಗಿ ಅಲ್ಲೇನು? ನೀ ಹೋಗಿ ಹೇಳಿ ಬಾ." ನಾನು ಒಲೆಯ ಉರಿ ಸಣ್ಣ ಮಾಡಿದೆ.

ಆ ಮಾತು ಬಾಯಲ್ಲಿಟ್ಟುಕೊಂಡು ಶೆಡ್ಡಿನೊಳಗೆ ಹೋದೆ. ಗುರಪ್ಪ ಸಾಲಿನಲ್ಲಿದ್ದ, ಅದೇ ಜಾಗ. ಕೂದಲು ಬೆಳ್ಳಗಾಗಿದೆ, ಬೆರಳು ಈಗ ಗೌರವ್ವನಿಗಿಂತ ಚುರುಕು. ಯಾರೂ ಅವನನ್ನು ಹೊಸದಾಗಿ ನೋಡುತ್ತಿರಲಿಲ್ಲ. ರಜೆಯ ದಿನವಾದ್ದರಿಂದ ಸುನಂದಾ ಬುತ್ತಿ ತಂದಿದ್ದಳು. ನಾನು ಅವಳ ಹತ್ತಿರ ಹೋಗಿ ಶಾಂತಕ್ಕ ಹೇಳಿದ್ದನ್ನು ಹೇಳಿದೆ.

"ಜ್ವಾರ ಹೇಳ್ರಿ ಅಕ್ಕಾರ" ಎಂದ ಗುರಪ್ಪ, ಕೈ ನಿಲ್ಲಿಸದೆ.

ಜೋರಾಗಿ ಹೇಳಿದೆ. ನಾವೇ ಗುರುತಿಸಿದ ಹುಡುಗಿ ಎಂಬುದನ್ನೂ ಬಿಡದೆ ಹೇಳಿದೆ. ಕಲ್ಲವ್ವ ನಕ್ಕು ನಕ್ಕು ರಾಶಿಯ ಮೇಲೇ ಬಾಗಿದಳು. ಸುನಂದಾ ಬುತ್ತಿಯ ಗಂಟು ಬಿಚ್ಚುತ್ತಿದ್ದವಳು ನನ್ನ ಮುಖ ನೋಡಿದಳು. ಆ ಕಣ್ಣು ಇನ್ನೂ ಹಾಗೆಯೇ ಇದೆ, ಸುಡುತ್ತದೆ.

"ನಾ ಅಲ್ಲಿಗಿ ಬರೂದಿಲ್ಲಂತ ಹೇಳ್ರಿ. ಅವ್ರ ಬರಲಿ. ಒಳ್ಳೆ ದಿನಾ ನೋಡಿ, ಇಳಕಲ್ ಸೀರಿ ಉಟಗೊಂಡು ಬರಲಿ. ಚಾ ಮಾಡ್ತೀನಿ. ಕುಡದ ಮ್ಯಾಲ ಅವತ್ತ ಯಾಕ ಕೊಡಲಿಲ್ಲ ಅಂತ ಇಲ್ಲಿ ನಿಂತು ಹೇಳಲಿ, ನಮ್ಮಪ್ಪನ ಮುಂದ."

ಸಂಜೆ ಮನೆಗೆ ಬಂದಾಗ ಶಾಂತಕ್ಕನ ಅಡುಗೆಮನೆಯಲ್ಲಿ ಮಂಡಳದ ಹೆಂಗಸರು ಸೇರಿ ಅತಿಥಿಗಳು ಯಾರೆಂದು ಚರ್ಚಿಸುತ್ತಿದ್ದರು. ನಾನು ಹೊಸ್ತಿಲ ಮೇಲೆ ನಿಂತು, ಸುನಂದಾಳ ಮಾತನ್ನು ಒಂದಕ್ಷರ ಬಿಡದೆ, ಹಿಂದೆ ಕುಳಿತವರಿಗೂ ಕೇಳುವ ಹಾಗೆ ಹೇಳಿದೆ. ಆಮೇಲೆ ನನ್ನ ಕಡೆಗೆ ಬಂದು ಬಾಗಿಲು ಹಾಕಿಕೊಂಡೆ. ಸಪ್ಪಳವಾಯಿತು.